ಸೇದಿದೆನೆಂದು ನಿಜ ಹೇಳಿದ ಒಬ್ಬರ ಪರವಾಗಿ

ಮಾನ್ಯ ಧೂಮಪಾನ ನಿವಾರಣಾ ಸಂದೇಶ ಸೇವೆಯ ಮುಖ್ಯಾಧಿಕಾರಿಗಳೇ,

‘ಬಿದ್ದವನಿಗೆ ನೆಲವಾದರೂ ಇದೆ’ ಎಂಬ ಸಾಲೊಂದನ್ನು ಕಾಲೇಜಿನ ದಿನಗಳಲ್ಲಿ ಎಲ್ಲೋ ಓದಿದ ನೆನಪು. ಯಾರು ಬರೆದದ್ದೋ, ಅದರ ಹಿಂದೆ ಮುಂದೆ ಏನಿತ್ತೋ ಮರೆತಿದೆ. ಆಗ ಅದು ಸಮಾಧಾನದ ಮಾತೆಂದು ತಿಳಿದು ಮೆಚ್ಚಿಕೊಂಡಿದ್ದೆ. ಈಗ ಅನುಮಾನ ಬಂದಿದೆ. ನೆಲ ಬಿದ್ದವನನ್ನು ಎತ್ತುವುದಿಲ್ಲ. ಇನ್ನೂ ಕೆಳಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಅಷ್ಟು ಕೆಲಸವನ್ನಾದರೂ ನಿಮ್ಮ ಕಚೇರಿ ಮಾಡುತ್ತದೆಂದು ನಾವು ನಂಬಿದ್ದೆವು.

ನನ್ನ ದೂರು ಚಿಕ್ಕದು. ನನ್ನ ಗಂಡ ಒಂದು ದಿನ ಒಂದು ಸಿಗರೇಟು ಸೇದಿದರು. ‘ಇಂದು ಸೇದಿದಿರಾ?’ ಎಂದು ನಿಮ್ಮ ಸೇವೆ ಮೊಬೈಲಿನಲ್ಲಿ ಕೇಳಿತು. ಅವರು ‘ಹೌದು’ ಎಂದು ಉತ್ತರಿಸಿದರು. ಮರುಕ್ಷಣವೇ ಸಿಗರೇಟು ಬಿಡಿಸುವ ನಿಮ್ಮ ಸೇವೆ, ಸಿಗರೇಟು ಸೇದುತ್ತಾರೆ ಎಂಬ ಕಾರಣಕ್ಕೆ ಅವರನ್ನು ಬಿಟ್ಟಿತು. ಬಂದ ಸಂದೇಶವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಏಕೆಂದರೆ ಇದಕ್ಕೆ ನನ್ನಿಂದ ಏನನ್ನೂ ಸೇರಿಸಲಾಗದು: ‘ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದಗಳು. ನಿಮ್ಮ ನೋಂದಣಿ ರದ್ದಾಗಿದೆ. ಆರೋಗ್ಯವಾಗಿರಿ.’

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ತಮಗೂ ಗೊತ್ತಿರಬೇಕು. ಒದೆ ಬಿದ್ದದ್ದು ಈಗಾಗಲೇ ಕೆಟ್ಟಿರುವ ಎದೆಗೆ ಎಂಬುದನ್ನು ಮಾತ್ರ ತಿಳಿಸಬಯಸುತ್ತೇನೆ.

ನನ್ನ ಗಂಡ ಕಾರು ಕಲಿಸುವವರು. ದಿನವಿಡೀ ಚಾಲಕನ ಪಕ್ಕದ ಸೀಟಿನಲ್ಲಿ, ಕಾಲ ಬಳಿ ತಮ್ಮದೊಂದು ಬ್ರೇಕು ಇಟ್ಟುಕೊಂಡು, ಅಪರಿಚಿತರ ಕೈಗೆ ತಮ್ಮ ಪ್ರಾಣ ಒಪ್ಪಿಸಿ ಕೂರುವ ಉದ್ಯೋಗ. ಈ ಉದ್ಯೋಗದಲ್ಲಿರುವವರು ಸಿಗರೇಟು ಹಿಡಿಯುವುದು ಆಶ್ಚರ್ಯವಲ್ಲ. ಹಿಡಿಯದವರಿದ್ದರೆ ಅದೇ ಆಶ್ಚರ್ಯ. ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಒಂದು ವರ್ಷದಿಂದ ಇವರು ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, ಬಗ್ಗಿ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಇವರ ಶೂಗಳಿಗೆ ಲೇಸೇ ಇಲ್ಲ. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಕೊನೆಗೆ ಕೇಳಿದ್ದು ವೈದ್ಯೆ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, “ನೋಡಿ, ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಬಹುದು. ಅದೂ ಈಗ್ಲೇ ಬಿಟ್ರೆ” ಎಂದರು. ನಿಮ್ಮ ಸೇವೆಯ ನಂಬರನ್ನು ಬರೆದುಕೊಟ್ಟವರೂ ಅವರೇ.

ನಿಮ್ಮ ಸೇವೆ ಚೆನ್ನಾಗಿತ್ತು. ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ; ಈ ಪತ್ರದಲ್ಲಿ ಅಂಥ ವಾಕ್ಯಗಳು ಕಡಿಮೆ, ದಯವಿಟ್ಟು ಗಮನಿಸಿ. ತವಕ ಬಂದಾಗ ‘ಬೇಕು’ ಎಂದು ಬರೆದು ಕಳಿಸಬೇಕು. ತಕ್ಷಣ ಉತ್ತರ ಬರುತ್ತಿತ್ತು: ‘ಎದ್ದು ನಿಲ್ಲಿ. ಹಿಮ್ಮಡಿ ಎತ್ತಿ ಇಳಿಸಿ.’ ಅಥವಾ ‘ನಿಂತಲ್ಲೇ ನಡೆಯಿರಿ.’ ಅಥವಾ ‘ಗೋಡೆಗೆ ಅಂಗೈ ಊರಿ ತಳ್ಳಿ. ಮುಗಿದ ಮೇಲೆ ‘ಆಯಿತು’ ಎಂದು ಕಳಿಸಿ.’ ಇಷ್ಟೇ. ಉಪದೇಶವಿಲ್ಲ, ಕಪ್ಪಾದ ಶ್ವಾಸಕೋಶದ ಚಿತ್ರವಿಲ್ಲ, ಹೆಂಡತಿ ಮಕ್ಕಳನ್ನು ನೆನೆಸಿಕೊಳ್ಳಿ ಎಂಬ ಬೆದರಿಕೆಯಿಲ್ಲ. ತವಕವೆಂಬುದು ಬಾಗಿಲು ತಟ್ಟುವ ಮಾರಾಟಗಾರನಂತೆ. ನಾವು ಬೇರೆ ಕೆಲಸದಲ್ಲಿದ್ದೇವೆಂದು ಕಂಡರೆ ಸ್ವಲ್ಪ ಹೊತ್ತು ನಿಂತು ತಾನೇ ಹೋಗುತ್ತದೆ. ಆ ಸ್ವಲ್ಪ ಹೊತ್ತನ್ನು ದಾಟಿಸುವುದಕ್ಕೆ ಇವರಿಗೆ ಎರಡು ಅಂಗೈ, ಎರಡು ಹಿಮ್ಮಡಿ, ಒಂದು ಮೊಬೈಲು ಸಾಕಾಯಿತು.

ರಸ್ತೆಯಲ್ಲಿ ಗೋಡೆ ಸಿಗುವುದಿಲ್ಲ ಎಂಬುದನ್ನು ನಿಮ್ಮ ತಜ್ಞರು ಯೋಚಿಸಿರಲಿಲ್ಲ. ಇವರು ಯೋಚಿಸಿದರು. ಕಲಿಯುವವರು ಚೌಕದ ಮಧ್ಯದಲ್ಲಿ ಎಂಜಿನ್ ಆಫ್ ಮಾಡಿದಾಗ ಕಾರನ್ನು ಬದಿಗೆ ಹಾಕಿಸಿ, ಇಳಿದು, ಹಿಂಭಾಗಕ್ಕೆ ಕೈಯೂರಿ ತಳ್ಳುತ್ತಿದ್ದರು. ಜನ ಒಳ್ಳೆಯವರು. ಒಮ್ಮೆ ದಾರಿಹೋಕರು ಒಬ್ಬೊಬ್ಬರಾಗಿ ಬಂದು ಭುಜ ಕೊಟ್ಟರಂತೆ.

“ಸ್ಟಾರ್ಟ್ ಆಗ್ತಿಲ್ವಾ ಸಾರ್?”

“ಗಾಡಿ ಸರಿಯಾಗೇ ಇದೆ ಕಣಪ್ಪಾ. ಕೆಟ್ಟಿರೋದು ನಾನು.”

“ಅದೇನೇ ಇರ್ಲಿ, ನೀವು ಹ್ಞೂಂ ಅನ್ನಿ. ಒಂದು ಕೈ ನೋಡೇ ಬಿಡೋಣ!”

ಕಾರು ಮುಂದಕ್ಕೆ ಸರಿಯಿತು. ಒಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದ ಮಹಿಳೆ ಕಲಿಕೆಗೆ ಸೇರಿದ ಮೇಲೆ ಮೊದಲ ಬಾರಿಗೆ ಸರಿಯಾದ ಸಮಯಕ್ಕೆ ಸರಿಯಾದ ಪೆಡಲ್ ಒತ್ತಿದರು. ಹೀಗೆ ನಿಮ್ಮ ಸೇವೆಯಿಂದ ರಸ್ತೆ ಸುರಕ್ಷತೆಗೂ ಅಲ್ಪ ಕೊಡುಗೆ ಸಂದಿದೆ.

ಚಳಿಗಾಲ ಕಳೆಯುವ ಹೊತ್ತಿಗೆ ಇವರು ಸಿಗರೇಟಿಲ್ಲದೆ ಇದ್ದರು. ಕೈತುಂಬ ಸಾಮಾನು ಹಿಡಿದು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತು, ಏದುಸಿರಿಲ್ಲದೆ ನನ್ನ ಮೇಲೆ ರೇಗಿದರು. ಅಷ್ಟು ಉದ್ದದ ವಾಕ್ಯವನ್ನು ಇವರು ಒಂದೇ ಉಸಿರಿನಲ್ಲಿ ಹೇಳಿದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಬೈಗುಳ ಇಷ್ಟು ಇಂಪಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ಸೇದಿದ್ದು ಯಾಕೆ? ದುಃಖಕ್ಕಲ್ಲ, ಒತ್ತಡಕ್ಕಲ್ಲ. ಅದೇ ಪೆಡಲಿನ ಮಹಿಳೆ, ಪರೀಕ್ಷಕರೆಲ್ಲರಿಗೂ ಮುಖ ಪರಿಚಯವಾಗುವಷ್ಟು ಬಾರಿ ನಪಾಸಾಗಿದ್ದವರು, ಅವತ್ತು ಪಾಸಾದರು. ಅವರ ಗಂಡ ಆನಂದಬಾಷ್ಪ ಸುರಿಸುತ್ತಾ ಇವರನ್ನು ಅಪ್ಪಿಕೊಂಡು, “ಇವಳನ್ನ ಪಾಸ್ ಮಾಡಿಸಿದ್ರಲ್ಲ, ನೀವು ಮನುಷ್ಯರಲ್ಲ ಗುರುಗಳೇ!” ಎಂದು ಇವರ ತುಟಿಗೆ ತಾವೇ ಸಿಗರೇಟಿಟ್ಟು ತಾವೇ ಹಚ್ಚಿದರು. ಇವರು ಸೇದಿದರು. ಸಿಟ್ಟಿಗೆ, ಬೇಸರಕ್ಕೆ, ಕಾಯುವಿಕೆಗೆ ನಿಮ್ಮ ಬಳಿ ವ್ಯಾಯಾಮಗಳಿದ್ದವು. ಸಂತೋಷಕ್ಕೆ ಇರಲಿಲ್ಲ. ನಿಮ್ಮ ಇಲಾಖೆಗೆ ಅದರ ಅನುಭವ ಕಡಿಮೆಯಿರಬೇಕು.

ಸಂಜೆ ನಿಮ್ಮ ಎಂದಿನ ಪ್ರಶ್ನೆ ಬಂತು. “ಏನಂತ ಕಳಿಸ್ತೀರಿ?” ಎಂದೆ. “ಇದೇನು ಕೇಳೋ ಮಾತಾ? ಕಲಿಯೋರು ಎಂಜಿನ್ ಆಫ್ ಮಾಡಿದ್ರೆ ಆಫ್ ಆಯ್ತು ಅಂತಾನೇ ಹೇಳ್ಬೇಕು. ಇಲ್ದಿದ್ರೆ ಮತ್ತೆ ಸ್ಟಾರ್ಟ್ ಮಾಡೋದು ಹೇಗೆ?” ಎಂದು ‘ಹೌದು’ ಒತ್ತಿದರು. ಧನ್ಯವಾದ ಬಂತು, ರದ್ದತಿ ಬಂತು, ಆರೋಗ್ಯವಾಗಿರಿ ಎಂಬ ಹಾರೈಕೆ ಬಂತು. ಮರುದಿನ ಇವರು ಅಭ್ಯಾಸಬಲದಿಂದ ‘ಬೇಕು’ ಎಂದು ಕಳಿಸಿದರು. ಉತ್ತರವಿಲ್ಲ. ಮತ್ತೆ ಕಳಿಸಿದರು. ‘ಈ ಸಂಖ್ಯೆ ನಮ್ಮಲ್ಲಿ ನೋಂದಾಯಿತವಾಗಿಲ್ಲ’ ಎಂದು ಬಂತು. ‘ಬೇಕು’ ಎಂದವನಿಗೆ ಹೀಗೂ ಉತ್ತರ ಕೊಡಬಹುದೇ? ಗೋಡೆಯಾದರೂ, ಮಾನ್ಯರೇ, ತಳ್ಳಿದಾಗ ಮರಳಿ ತಳ್ಳುತ್ತದೆ.

ನಾನು ನಿಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ನೀಲಿ ಬಣ್ಣ ಬಳಿದ ಕಾರಿಡಾರಿನ ಕೊನೆಯ ಕೌಂಟರಿನಲ್ಲಿ ಗುಮಾಸ್ತರೊಬ್ಬರು ಸೌಜನ್ಯದಿಂದ ವಿವರಿಸಿದರು.

“ಅವರು ‘ಇಲ್ಲ’ ಅಂತ ಒತ್ಬೇಕಿತ್ತು ಮೇಡಂ.”

“ಸೇದಿದ್ದರಲ್ಲ?”

“ಸೇದ್ಲಿ ಬಿಡಿ. ಒತ್ತೋದಕ್ಕೇನು? ಬೆರಳು ನೋಯುತ್ತಾ?”

“ಹೊಸದಾಗಿ ನೋಂದಣಿ ಮಾಡಿಸಬಹುದಾ?”

“ಒಂದು ನಂಬರಿಗೆ ಒಂದೇ ಸಲ. ಇದು ಬಿಟ್ಟೋರಿಗೆ ಅಂತ ಮಾಡಿರೋ ಸೇವೆ ಮೇಡಂ, ಸೇದೋರಿಗಲ್ಲ.”

“ಬಿಟ್ಟವರಿಗೆ ಬಿಡಿಸುವ ಸೇವೆ ಯಾತಕ್ಕೆ?”

ಅವರು ಸ್ವಲ್ಪ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ನನಗೆ ಅವರ ಮೇಲೆ ಕೋಪವಿಲ್ಲ. “ಅದು ನನ್ನ ಸೆಕ್ಷನ್ ಅಲ್ಲ” ಎಂದರು.

ಅವರ ತಲೆಯ ಮೇಲೆ ತಮ್ಮ ನಗುಮುಖದ ದೊಡ್ಡ ಫಲಕವಿತ್ತು: ‘ನಮ್ಮ ಸೇವೆಯಲ್ಲಿರುವ ನೂರಕ್ಕೆ ನೂರು ಮಂದಿ ಧೂಮಪಾನ ಮುಕ್ತರು!’ ನಾನು ಅದನ್ನು ಒಪ್ಪುತ್ತೇನೆ. ಬೆಳಿಗ್ಗೆ ಕೆಮ್ಮಿದವರನ್ನೆಲ್ಲ ಸಂಜೆಯೊಳಗೆ ಹೊರಗೆ ಹಾಕುವ ಆಸ್ಪತ್ರೆಯಲ್ಲಿ ರಾತ್ರಿ ಯಾರಿಗೂ ಕೆಮ್ಮು ಇರುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಕಂಡಿದ್ದೇವೆ. ಕೊಯ್ದ ಮೂಗನ್ನು ಮರೆಮಾಡಿ, ನೆಗಡಿ ವಾಸಿಯಾದವರ ಪಟ್ಟಿಗೆ ತಮ್ಮ ಹೆಸರು ಸೇರಿಸಿಕೊಳ್ಳುವವರನ್ನು ನಾನು ಈಗಲೇ ಕಾಣುತ್ತಿರುವುದು. ಚಟ ಬಿಡುವುದೆಂದರೆ ಹಲವು ಸಲ ಬಿಡುವುದು ಎಂದು ಬಿಟ್ಟವರೆಲ್ಲ ಹೇಳುತ್ತಾರೆ. ಬಿಡಿಸುವವರಿಗೆ ಮಾತ್ರ ಇದನ್ನು ಯಾರೂ ಹೇಳಿಲ್ಲವೇ? ಅಥವಾ ಹೇಳಿದವರೆಲ್ಲರ ನೋಂದಣಿಯೂ ರದ್ದಾಯಿತೇ?

ಆ ವ್ಯಾಯಾಮದ ಸಂದೇಶಗಳನ್ನು ಗಂಡನಿಗೆ ನೀವೇ ಕಳಿಸಬಹುದಲ್ಲ ಎಂದು ತಾವು ಕೇಳಬಹುದು. ಕಳಿಸಿ ನೋಡಿದೆ. ಆದರೆ ಮಾನ್ಯರೇ, ಎದ್ದು ನಿಲ್ಲಿ ಎಂದು ಒಂದು ನಂಬರು ಹೇಳಿದರೆ ಅದು ಚಿಕಿತ್ಸೆ. ಹೆಂಡತಿ ಹೇಳಿದರೆ ಅದು ಜಗಳ. ಮೊದಲ ದಿನವೇ ಉತ್ತರ ಬಂತು: ‘ನಿಂತೇ ಇದ್ದೀನಿ. ಬಸ್ಸಲ್ಲಿ ಸೀಟು ಸಿಕ್ಕಿಲ್ಲ.’ ಮರುದಿನ ದನಿ ಬದಲಿಸಿದೆ. ಉಸಿರು ನಮ್ಮದಲ್ಲ, ಅದು ಬಂದು ಹೋಗುವ ಅತಿಥಿ, ಅದಕ್ಕೆ ಎದೆಯ ಬಾಗಿಲು ತೆರೆಯಿರಿ ಎಂದು ನಾಲ್ಕು ಸಾಲು ಕಳಿಸಿದೆ. ಕವಿತೆ ಓದುವವರ ದೌರ್ಬಲ್ಯ. ‘ಅರ್ಥ ಆಗ್ಲಿಲ್ಲ. ಕೈ ಮೇಲೆತ್ಬೇಕಾ, ಬೇಡ್ವಾ?’ ಎಂದು ಬಂತು. ನಿಮ್ಮ ಯಂತ್ರಕ್ಕೆ ನನಗಿಂತ ಒಳ್ಳೆಯ ಗದ್ಯ ಬರುತ್ತದೆ. ಅದಕ್ಕೆ ಇವರ ಮೇಲೆ ಸಿಟ್ಟಿಲ್ಲ, ಇವರನ್ನು ಕಳೆದುಕೊಳ್ಳುವ ಹೆದರಿಕೆಯಿಲ್ಲ. ಹಾಗಾಗಿಯೇ ಇವರು ಅದರ ಮಾತು ಕೇಳುತ್ತಿದ್ದರು.

ಸಂತೋಷಕ್ಕೆ ಸೇದಿದವರು ಈಗ ಬೇಸರಕ್ಕೂ ಸೇದುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಬಳಿ ಹೋಗುತ್ತಾರೆ. ನಿನ್ನೆ ಸಂಜೆ ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದು ಕೇಳಿತು, ಎರಡನೆಯ ತಿರುವಿನಲ್ಲಿ ನಿಂತಿತು. ನಾನು ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ ಇವರು ಮತ್ತೆ ಲೇಸು ಹುಡುಕಬೇಕಾಗುತ್ತಿತ್ತು.

ನಿಮ್ಮ ನೂರಕ್ಕೆ ನೂರರಲ್ಲಿ ಒಬ್ಬರನ್ನು ನಾನು ಬಲ್ಲೆ. ಎದುರು ಮನೆಯವರು, ಕನ್ನಡಕದ ಅಂಗಡಿ ಇಟ್ಟವರು. ಸಂಜೆ ಮೆಟ್ಟಿಲ ಬಳಿ ಸಿಗರೇಟು ಹಿಡಿದು ನಿಂತು, ನಿಮ್ಮ ಪ್ರಶ್ನೆ ಬಂದ ಕೂಡಲೇ ಇನ್ನೊಂದು ಕೈಯಿಂದ, ಕಣ್ಣು ಮಿಟುಕಿಸದೆ ‘ಇಲ್ಲ’ ಒತ್ತುತ್ತಾರೆ. ಅವರಿಗೆ ತಾವು ಅಭಿನಂದನಾ ಪತ್ರ ಕಳಿಸಿದ್ದೀರಿ. ಅವರ ನೋಂದಣಿಯನ್ನು ರದ್ದು ಮಾಡಿ ಎಂದು ಇದನ್ನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಅವರಿಗೂ ಶ್ವಾಸಕೋಶವಿದೆ. ಸುಳ್ಳು ಹೇಳಿದವರಿಗೆ ವ್ಯಾಯಾಮ, ನಿಜ ಹೇಳಿದವರಿಗೆ ಧನ್ಯವಾದ ಎಂಬ ಈ ಹಂಚಿಕೆಯನ್ನು ಯಾರು, ಯಾವ ಸಭೆಯಲ್ಲಿ, ಎಂಥ ಮುಖಭಾವದಿಂದ ತೀರ್ಮಾನಿಸಿದರು ಎಂಬುದಷ್ಟೇ ನನ್ನ ಕುತೂಹಲ.

ನನ್ನ ಬೇಡಿಕೆಯೂ ಚಿಕ್ಕದೇ. ‘ಹೌದು’ ಎಂದವರನ್ನು ಹೊರಗೆ ಹಾಕುವ ನಿಯಮ ತೆಗೆಯಿರಿ. ಹಾಕಿದವರನ್ನೆಲ್ಲ, ಅವರು ಅರ್ಜಿ ಹಿಡಿದು ಬರುವುದನ್ನು ಕಾಯದೆ, ಮರಳಿ ಸೇರಿಸಿ. ‘ಹೌದು’ ಎಂಬ ಉತ್ತರಕ್ಕೆ ‘ಪರವಾಗಿಲ್ಲ, ಈಗ ಎದ್ದು ನಿಲ್ಲಿ’ ಎಂದು ಕಳಿಸಿ. ನಿಮ್ಮ ಯಂತ್ರಕ್ಕೆ ಇದು ಭಾರವಾಗದು. ಫಲಕದ ಮೇಲಿನ ಸಂಖ್ಯೆ ಇಳಿಯುತ್ತದೆ, ನಿಜ. ಇಳಿದ ಸಂಖ್ಯೆಯ ಪಕ್ಕದಲ್ಲೂ ತಾವು ಇಷ್ಟೇ ಚೆನ್ನಾಗಿ ನಗಬಲ್ಲಿರಿ ಎಂದು ನಂಬಿದ್ದೇನೆ.

ಇಂತಿ,
ನಿಮ್ಮ ನೂರರಲ್ಲಿ ಇಲ್ಲದ, ನನ್ನ ಮನೆಯಲ್ಲಿ ಇನ್ನೂ ಇರುವ ಒಬ್ಬರ ಹೆಂಡತಿ

ಸಹಿಯ ನಂತರ ಸೇರಿಸಿದ್ದು: ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮುನ್ನ ಎದುರು ಮನೆಯವರ ಕುರಿತ ಭಾಗವನ್ನು ಅವರಿಗೇ ಓದಿ ಹೇಳಿದೆ; ಆಡಿಕೊಂಡ ಹಾಗಾಗಬಾರದಲ್ಲ. “ಬರೀರಿ, ಸುಳ್ಳೇನಿಲ್ಲ” ಎಂದು ಒಳಗೆ ಹೋದರು. ಈಗ ತಾನೇ ಬಾಗಿಲು ತಟ್ಟಿದರು. ಮೊಬೈಲನ್ನು ಕಣ್ಣಿಂದ ದೂರ ಹಿಡಿದು ಓದಿದರು: “‘ಬೇಕು’ ಅಂತ ಕಳಿಸ್ದೆ, ‘ನಿಂತಲ್ಲೇ ನಡೆಯಿರಿ’ ಅಂತ ಬಂದಿದೆ. ಯಜಮಾನ್ರನ್ನ ಕರೀರಿ ಅಮ್ಮಾ, ಇನ್ಮೇಲೆ ಬಂದಾಗೆಲ್ಲ ತಂದು ಓದ್ತೀನಿ. ಅವ್ರು ನಡೀಲಿ, ನಾನೂ ಜೊತೆಗೆ ಇಲ್ಲೇ ನಡೀತೀನಿ. ಒಬ್ನೇ ಮಾಡೋಕೆ ನಂಗೂ ಒಂಥರಾ ನಾಚಿಕೆ, ಅದಕ್ಕೇ ಇಷ್ಟು ದಿನ ಮಾಡಿರ್ಲಿಲ್ಲ.”