ಕೆಳಮನೆಯ ಚಿಲಕ

ಭಾನುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಪತ್ರ ಬಂತು. ಮಳೆಗಾಲ ಶುರುವಾಗುವುದರೊಳಗೆ ಮನೆ ಮಾರಿ ನಿನ್ನ ಹತ್ತಿರ ಬಂದುಬಿಡಬೇಕು ಎಂದಿದ್ದೀಯ. ಎಲ್ಲರೂ ಪಾಲುದಾರರಾದ ಕಟ್ಟಡಕ್ಕೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ, ಹೊಳೆ ಉಕ್ಕಿದರೆ ನಿನ್ನನ್ನು ಯಾರು ನೋಡುತ್ತಾರೆ ಎಂದು ಬೇರೆ ಚುಚ್ಚಿದ್ದೀಯ.

ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೋದ ವರ್ಷ ಮೆಟ್ಟಿಲ ಬುಡಕ್ಕೆ ನೀರು ಬಂದಾಗ ಮೇಲಿನವರು ಬಾಲ್ಕನಿಯಲ್ಲಿ ನಿಂತು ತಮಾಷೆ ನೋಡಿದರು, ಕೆಳಗೆ ನಮಗೆ ಪ್ರಾಣಸಂಕಟ. ಆಮೇಲೆ ಕಟ್ಟಡದ ಸಂಘದವರು ಸಭೆ ಸೇರಿ ನೀರೆತ್ತುವ ಪಂಪು ತಂದರು. ಅದರ ಸದ್ದು ಯಾರಿಗೂ ಬೇಡವೆಂದು ನೆಲಮಾಳಿಗೆಯಲ್ಲಿಟ್ಟರು. ಮೊದಲು ಮುಳುಗುವುದು ಅದೇ ಅಲ್ಲವೇ ಎಂದು ನಾನು ಬಾಯಿ ಮಾಡಿದ ಮೇಲೆ ಈಗ ಮೇಲೆ ಬಂದಿದೆ.

ಮೊನ್ನೆ, ನೆರೆ ಬಂದರೆ ಏನು ಮಾಡಬೇಕೆಂದು ತಾಲೀಮು ಇಟ್ಟುಕೊಂಡಿದ್ದರು. ಗಂಟೆ ಬಾರಿಸಿದ ಕೂಡಲೇ ಕೆಳಗಿನವರು ಮೇಲೆ ಹತ್ತಬೇಕು, ಮೇಲಿನವರು ಬಾಗಿಲು ತೆರೆದಿಟ್ಟು ಕಾಯಬೇಕು. ನಾನು ಹೊಲಿಗೆ ಯಂತ್ರದ ಮುಂದಿನಿಂದ ಏಳಲೇ ಇಲ್ಲ. ಬರುತ್ತಾರೋ ಇಲ್ಲವೋ ನೋಡೇಬಿಡೋಣ ಎಂದು ಹಟ ಹಿಡಿದು ಕೂತೆ.

ನಾನು ಕಾಣಲಿಲ್ಲವೆಂದು, ಮೇಲೆ ಕಾಯಬೇಕಾದವರೆಲ್ಲ ಕೆಳಗೆ ಓಡಿದರು. ಹತ್ತುವವರು ಹತ್ತಲಾರದೆ, ಇಳಿಯುವವರು ಇಳಿಯಲಾರದೆ ಮೆಟ್ಟಿಲ ತುಂಬ ಸಂತೆ. ಒದ್ದೆ ಬಟ್ಟೆಯ ನೀರನ್ನು ನನ್ನ ಕಿಟಕಿ ಮೇಲೆ ತೊಟ್ಟಿಕ್ಕಿಸುತ್ತಾಳೆಂದು ನಾನು ಮಾತು ಬಿಟ್ಟಿದ್ದ ಮೇಲ್ಮನೆಯ ನರ್ಸಮ್ಮ ಇದ್ದಾಳಲ್ಲ, ಅವಳೇ ಭುಜ ಕೊಟ್ಟು ಬಾಗಿಲು ನೂಕಿ ಚಿಲಕ ಕಿತ್ತುಹಾಕಿದಳು. ಒಳಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಮ್ಮೆ ಮುಖ ನೋಡಿದಳು. ಆಮೇಲೆ ಬಾಗಿಲಿಗೆ ಮುತ್ತಿದವರ ಕಡೆ ತಿರುಗಿ, "ಏನೂ ಆಗಿಲ್ಲ. ಟೈಲರಮ್ಮಂಗೆ ಹಟ ಜಾಸ್ತಿ, ಅಷ್ಟೇ. ನೀವೆಲ್ಲ ಹೋಗಿ" ಅಂದಳು. ಕಟ್ಟಡಕ್ಕೆಲ್ಲ ಡಂಗುರ ಹೊಡೆದ ಹಾಗಾಯಿತು ನೋಡು.

ತಾಲೀಮು ಕೆಟ್ಟಿತೆಂದು ಕಾರ್ಯದರ್ಶಿಗಳು ತಲೆ ಚಚ್ಚಿಕೊಂಡರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಅಷ್ಟು ಜನ ನನಗಾಗಿ ಇಳಿದು ಬಂದಿದ್ದರು ಮಗಳೇ. ನಿನ್ನ ಮೇಲೆ ನನಗೆ ಪ್ರೀತಿಯಿಲ್ಲವೆಂದಲ್ಲ, ಆದರೆ ನನ್ನ ಯಂತ್ರ, ನನ್ನ ಗಿರಾಕಿಗಳು, ನನ್ನ ಜಗಳಗಳು ಎಲ್ಲ ಇಲ್ಲೇ ಇವೆ. ಮನೆ ಮಾರುವ ಮಾತು ಬಿಟ್ಟು ಒಂದು ಹೂಂ ಅನ್ನು.

ಇಂತಿ ನಿನ್ನ ಹಟಮಾರಿ
ಅಮ್ಮ

ತಾ.ಕ.: ಹಟವಲ್ಲ ಮಗಳೇ. ಗಂಟೆ ಕೇಳಿದ ಕೂಡಲೇ ಏಳಹೋದೆ, ಮೊಣಕಾಲು ಏಳಗೊಡಲಿಲ್ಲ. ಕೂಗಲು ನಾಚಿಕೆಯಾಗಿ ಅಳುತ್ತ ಕೂತಿದ್ದೆ. ನರ್ಸಮ್ಮ ನೋಡಿದ ಕೂಡಲೇ ತಿಳಿದುಕೊಂಡಳು, ಎಲ್ಲರೆದುರು ನನ್ನ ಮಾನ ಉಳಿಸಿದಳು. ಮಳೆ ಹಿಡಿದರೆ ನಾನು ತನ್ನ ಮನೆಯಲ್ಲೇ ಮಲಗಬೇಕೆಂದು ಈಗಲೇ ಹಾಸಿಗೆ ಹಾಸಿಟ್ಟಿದ್ದಾಳೆ. ಇದನ್ನೆಲ್ಲ ಮುಚ್ಚಿಟ್ಟು ನಿನ್ನಿಂದ ಹೂಂ ಅನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ. ನೀನೇ ಬಂದು ನೋಡಿ ಹೇಳು. ಬಾಗಿಲು ತಟ್ಟಬೇಡ, ತಳ್ಳು. ಚಿಲಕ ಸರಿಮಾಡಿಸಲು ಅವಳು ಬಿಟ್ಟಿಲ್ಲ.