ಅರ್ಧ ಸಿನಿಮಾಕ್ಕೆ ಎರಡು ಮಾರ್ಕು

ಜೂನ್ 2, ಸೋಮವಾರ

ನಾನೂರು ಬೆಡ್‌ಶೀಟು. ಆಸ್ಪತ್ರೆಯವರು ಭಾನುವಾರದ್ದನ್ನೂ ಸೇರಿಸಿ ಒಂದೇ ಸಲ ಕಳಿಸಿದ್ದಾರೆ. ಇರುವ ಎರಡು ಡ್ರೈಯರಿನಲ್ಲಿ ಒಂದು ಕೆಟ್ಟು ಕೂತಿದೆ. ಮಡಿಚಿ ಮಡಿಚಿ ಸೊಂಟ ಬಿದ್ದುಹೋಯಿತು.

ಊಟದ ಹೊತ್ತಿಗೆ ಮಾರ್ಕು. ಲಾಂಡ್ರಿಯ ಬೀರುವಿನ ಬಾಗಿಲೇ ನಮ್ಮ ಬೋರ್ಡು. ಚಾಕ್‌ಪೀಸಿನಲ್ಲಿ ಸಿನಿಮಾದ ಹೆಸರು, ಎದುರಿಗೆ ಹತ್ತಕ್ಕೆ ಎಷ್ಟು ಅಂತ. ಸರದಿ ಬಂದವರು ಶುಕ್ರವಾರ ಮೊದಲ ಶೋ ನೋಡಿ ಬರಬೇಕು. ಐದಕ್ಕಿಂತ ಜಾಸ್ತಿ ಕೊಟ್ಟರೆ ಮಿಕ್ಕವರು ಮನೆಮಂದಿಯೆಲ್ಲ ಹೊರಡುತ್ತಾರೆ. ಕಮ್ಮಿ ಕೊಟ್ಟರೆ ಯಾರೂ ಹೋಗುವುದಿಲ್ಲ. ಒಂದೇ ರೂಲು — ಕೊನೆಯಲ್ಲಿ ಹೆಸರುಗಳು ಓಡಿ ಮುಗಿಯುವ ತನಕ ಕೂರದವರಿಗೆ ಮಾರ್ಕು ಕೊಡುವ ಹಕ್ಕಿಲ್ಲ. ರೂಲು ಮಾಡಿದ್ದು ನಾನು.

ಹೋದ ವಾರದ ಫೈಟಿಂಗ್ ಸಿನಿಮಾಕ್ಕೆ ವ್ಯಾನ್ ಡ್ರೈವರು ಎಂಟು ಕೊಟ್ಟ. "ನಲವತ್ತು ಜನರನ್ನ ಹೊಡೀತಾನೆ ಮೇಡಂ, ಒಂದು ತೊಟ್ಟು ಬೆವರಲ್ಲ!"

"ನಮ್ಮ ಇಸ್ತ್ರಿ ಮಿಷನ್ ಮುಂದೆ ಹತ್ತು ನಿಮಿಷ ನಿಲ್ಸು, ಬೆವರ್ತಾನೆ" ಎಂದೆ. ಎಲ್ಲರೂ ನಕ್ಕರು.

ನನ್ನ ಜೊತೆ ಶೀಟು ಮಡಿಚುವ ಟ್ಯಾಂಕಮ್ಮ ಒಂಬತ್ತು ಕೊಟ್ಟಳು. ಸೋಪಿನ ಜಾಹೀರಾತು ನೋಡಿದರೂ ಅಳುವ ಹೆಂಗಸು, ಅದಕ್ಕೇ ಕಣ್ಣೀರಿನ ಟ್ಯಾಂಕು. ಅವಳಿಟ್ಟ ಹೆಸರು ನನಗೆ ಹೆಡ್‌ಮೇಡಂ. ಕೈ ಬಿಗಿಯಂತೆ ನಂದು.

ಈ ಶುಕ್ರವಾರ ನನ್ನ ಸರದಿ. ಬರುತ್ತಿರುವುದು ತಂಗಿಯ ಸಿನಿಮಾ. ಕಥೆ, ಸಂಭಾಷಣೆ ಎರಡೂ ಅವಳದು. ಲಾಂಡ್ರಿಯಲ್ಲಿ ಯಾರಿಗೂ ಗೊತ್ತಿಲ್ಲ. ಸೇರಿ ಎರಡೇ ವರ್ಷ, ಮನೆ ವಿಷಯ ನಾನು ಬಾಯಿಬಿಟ್ಟವಳಲ್ಲ. ಎಂಟು ತಿಂಗಳ ಮೇಲೆ ನಿನ್ನೆ ಫೋನು ಮಾಡಿದ್ದಳು.

"ಅಕ್ಕಾ, ಬಿಡುವು ಮಾಡ್ಕೊಂಡು ನೋಡು. ಪೂರ್ತಿ ನೋಡು. ಆಮೇಲೆ ಮಾತಾಡೋಣ."

ಪೂರ್ತಿ ನೋಡಬೇಕಂತೆ. ನನಗೇ ಪಾಠ.

ಜೂನ್ 6, ಶುಕ್ರವಾರ, ಮಧ್ಯಾಹ್ನ 2

ಅಕ್ಷರ ಸೊಟ್ಟ. ಇರಲಿ.

ಪರದೆ ಮೇಲೆ ಇದ್ದದ್ದು ನಮ್ಮ ಮನೆ. ನಮ್ಮದೇ! ಹಸಿರು ಬಾಗಿಲು, ಅಡುಗೆಮನೆಯ ಮುರಿದ ಕಪಾಟು, ಅಮ್ಮನ ಬೆತ್ತದ ಕುರ್ಚಿ — ಒಂದೂ ಬಿಟ್ಟಿಲ್ಲ ಮಹಾತಾಯಿ. ಮರೆವಿನ ಕಾಯಿಲೆಯ ಅಮ್ಮ. ನೋಡಿಕೊಳ್ಳುವ ಮದುವೆಯಾಗದ ದೊಡ್ಡ ಮಗಳು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಅಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಾಳೆ. ಅಮ್ಮ ಒಳಗಿನಿಂದ ಬಾಗಿಲು ಬಡಿಯುತ್ತಾಳೆ. ಇವಳು ತಿರುಗಿ ನೋಡದೆ ಹೋಗುತ್ತಾಳೆ.

ಥಿಯೇಟರಿನಲ್ಲಿ ಹಿಂದಿನ ಸೀಟಿನವಳು ಅಂದಳು, "ಥೂ, ಹೆಣ್ಣಾ ಇವಳು? ರಾಕ್ಷಸಿ."

ಹೌದಮ್ಮಾ, ನಾನೇ ರಾಕ್ಷಸಿ. ನಿನ್ನ ಮುಂದಿನ ಸೀಟಿನಲ್ಲೇ ಕೂತಿದ್ದೇನೆ, ನೋಡ್ಕೋ!

ಚಿಲಕ ಹಾಕಿದ್ದು ನಿಜ. ಹಾಕದಿದ್ದರೆ ಅಮ್ಮ ರಸ್ತೆಗೆ ಹೋಗುತ್ತಿದ್ದಳು, ಎರಡು ಸಲ ಹೋಗಿದ್ದಳು. ಕೆಲಸ ಬಿಟ್ಟರೆ ಹೊಟ್ಟೆಗೇನು? ಮಧ್ಯಾಹ್ನ ಊಟದ ಅರ್ಧ ಗಂಟೆಯಲ್ಲಿ ಓಡಿ ಬಂದು ಅಮ್ಮನಿಗೆ ತಿನ್ನಿಸಿ, ಬಟ್ಟೆ ಬದಲಿಸಿ ಓಡುತ್ತಿದ್ದೆ. ಅದೆಲ್ಲಿ ಸಿನಿಮಾದಲ್ಲಿ? ಇವಳಿಗೆ ಅದೆಲ್ಲ ಹೇಗೆ ಗೊತ್ತಿರಬೇಕು? ವರ್ಷಕ್ಕೆ ಎರಡು ಸಲ ಬಂದು, ಅಮ್ಮನ ಕೆನ್ನೆ ಸವರಿ, ಚಿಲಕ ನೋಡಿ ಕಣ್ಣೀರು ಸುರಿಸಿ ಬಸ್ಸು ಹತ್ತುತ್ತಿದ್ದವಳು!

ಇಂಟರ್ವಲ್‌ಗೆ ಎದ್ದು ಬಂದೆ. ನೆತ್ತಿಗೇರಿದ ಸಿಟ್ಟು ಇನ್ನೂ ಇಳಿದಿಲ್ಲ. ನೇರ ಲಾಂಡ್ರಿಗೆ ಹೋಗಿ ಬೋರ್ಡಿನಲ್ಲಿ ಬರೆದೆ. ಎರಡು.

"ಯಾಕೆ ಮೇಡಂ, ಅಷ್ಟು ಕೆಟ್ಟದಾ?" ಎಂದ ಡ್ರೈವರು.

"ಸುಳ್ಳು ಸಿನಿಮಾ. ದುಡ್ಡು ದಂಡ. ಯಾರೂ ಹೋಗ್ಬೇಡಿ."

ಜೂನ್ 9, ಸೋಮವಾರ

ಹೋಗಬೇಡಿ ಎಂದರೂ ಹೋಗಿದ್ದಾಳೆ ಟ್ಯಾಂಕಮ್ಮ. ನಾದಿನಿ ಟಿಕೆಟ್ ತೆಗೆದುಬಿಟ್ಟಿದ್ದಳಂತೆ. ಡ್ರೈವರನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದಾಳೆ. ಬೆಳಗ್ಗೆ ನಾನು ಏಪ್ರನ್ ಕಟ್ಟಿಕೊಳ್ಳುವ ಮೊದಲೇ ಶುರು.

"ಎರಡಾ? ಎರಡು ಕೊಟ್ಯಾ ಅದಕ್ಕೆ? ನಿಂಗೆ ಎದೆ ಅನ್ನೋದು ಇದೆಯಾ, ಇಲ್ಲಾ ಅಲ್ಲೂ ಇಸ್ತ್ರಿ ಮಾಡ್ಸಿದ್ದೀಯಾ? ನಾನು ಹತ್ತು ಕೊಡ್ತೀನಿ. ಹತ್ತು!"

"ಒಂಬತ್ತು" ಎಂದ ಡ್ರೈವರು. "ಫೈಟ್ ಇಲ್ಲ, ಅದಕ್ಕೆ ಒಂದು ಕಟ್."

"ನಂಗಂತೂ ಮೊದಲರ್ಧ ಆ ಅಕ್ಕನ್ನ ಎಳ್ಕೊಂಡು ಬಂದು ಎರಡು ಬಾರಿಸೋಣ ಅನ್ನಿಸ್ತು" ಎಂದಳು ಟ್ಯಾಂಕಮ್ಮ.

ನನ್ನ ಕೈಯಲ್ಲಿ ಒದ್ದೆ ಶೀಟು ಇತ್ತು. ಟೇಬಲ್ಲಿಗೆ ಬೀಸಿ ಹೊಡೆದೆ. "ಬಾರಿಸು ಬಾ! ಒಂದು ದಿನ, ಒಂದೇ ಒಂದು ದಿನ ಅವಳ ಕೆಲಸ ಮಾಡು, ಆಮೇಲೆ ಬಾರಿಸು!" ಎಂದು ಕಿರುಚಿದೆ. ಎಲ್ಲರೂ ಮಿಷನ್ ಬಿಟ್ಟು ತಿರುಗಿ ನೋಡಿದರು.

ಟ್ಯಾಂಕಮ್ಮ ಕಕ್ಕಾಬಿಕ್ಕಿ. "ಅಯ್ಯೋ, ಮೊದಲರ್ಧ ಅಂದೆನಲ್ಲ! ಆಮೇಲೆ ಅವಳದೇನೂ ತಪ್ಪಿಲ್ಲ ಅಂತ ಗೊತ್ತಾಗುತ್ತಲ್ಲ. ಬಾಗಿಲು ತೆಗೆದಿದ್ದು ತಂಗಿ ತಾನೇ? ಪಾಪ, ಅಕ್ಕ ತಾನೇ ಚಿಲಕ ಹಾಕೋದು ಮರ್ತೆ ಅಂತ ತಿಳ್ಕೊಂಡು ಸಾಯ್ತಾ ಇರ್ತಾಳೆ, ತಂಗಿ ಎದುರಿಗೇ ಇದ್ದು ಬಾಯಿ ಬಿಡಲ್ಲ..."

ಏನಂದಳು ಎಂದು ನನಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿಸಿದೆ.

ಡ್ರೈವರು ಕಣ್ಣು ಕಿರಿದು ಮಾಡಿ ನೋಡಿದ. "ಹೆಡ್‌ಮೇಡಂ, ನೀವು ಪೂರ್ತಿ ನೋಡಿಲ್ಲ!"

ಏಪ್ರನ್ ಬಿಚ್ಚಿ ಟೇಬಲ್ ಮೇಲೆ ಹಾಕಿದೆ. ತಲೆನೋವು ಎಂದು ಸೂಪರ್‌ವೈಸರಿಗೆ ಹೇಳಿ ಮನೆಗೆ ಬಂದೆ.

ಜೂನ್ 10, ಮಂಗಳವಾರ, ಸಂಜೆ

ರಜೆ ಹಾಕಿ ಮ್ಯಾಟಿನಿಗೆ ಹೋದೆ. ಹೆಸರುಗಳು ಓಡಿ ಮುಗಿದು, ಕಸ ಗುಡಿಸುವವಳು ಬಂದು "ಏಳಮ್ಮಾ" ಅನ್ನುವ ತನಕ ಕೂತಿದ್ದೆ.

ಇಂಟರ್ವಲ್ ಆದ ಮೇಲೆ ತಂಗಿ ಬರುತ್ತಾಳೆ, ಯಾರಿಗೂ ಹೇಳದೆ. ಅಕ್ಕ ಕೆಲಸಕ್ಕೆ ಹೋಗಿದ್ದಾಳೆ. ಚಿಲಕ ನೋಡಿ ಸಿಟ್ಟಾಗಿ ಬಾಗಿಲು ತೆಗೆಯುತ್ತಾಳೆ. ಅಮ್ಮನನ್ನು ಹೊರಗೆ ಬಿಸಿಲಿಗೆ ಕೂರಿಸುತ್ತಾಳೆ. ಫೋನು ಬರುತ್ತದೆ, ಒಳಗಿನ ಕೋಣೆಗೆ ಹೋಗುತ್ತಾಳೆ. ಮುಕ್ಕಾಲು ಗಂಟೆ ಮಾತು. ಹೊರಗೆ ಬಂದರೆ ಕುರ್ಚಿ ಖಾಲಿ. ಬೀದಿಯೆಲ್ಲ ಹುಡುಕುತ್ತಾಳೆ. ವ್ಯಾನು ಗುದ್ದಿದ ಸುದ್ದಿ ಯಾರೋ ಹೇಳುತ್ತಾರೆ. ಹೆದರಿ ಬಸ್‌ಸ್ಟ್ಯಾಂಡಿಗೆ ಓಡಿಹೋಗಿ ಕೂರುತ್ತಾಳೆ. ಸಂಜೆ ಬ್ಯಾಗು ಹಿಡಿದು ಹೊಸದಾಗಿ ಬಂದವಳ ಹಾಗೆ ಬರುತ್ತಾಳೆ.

ಸಂಜೆ ಬ್ಯಾಗು ಹಿಡಿದು ಬಂದಿದ್ದು ನನಗೆ ನೆನಪಿದೆ. ಆ ಬ್ಯಾಗನ್ನು ಕೈಯಿಂದ ತೆಗೆದುಕೊಂಡವಳು ನಾನೇ.

ಅಮ್ಮ ಹೋಗಿ ನಾಲ್ಕು ವರ್ಷ. ದಿನಾ ಬೆಳಗ್ಗೆ ಆ ಬೆಳಗನ್ನು ನೆನೆದಿದ್ದೇನೆ. ಚಿಲಕ ಹಾಕಿದ್ದೆನೋ, ಇಲ್ಲವೋ? ಹಾಕಿದ ಹಾಗೇ ನೆನಪು. ಆದರೆ ದಿನಾ ಹಾಕುತ್ತಿದ್ದೆನಲ್ಲ, ಯಾವ ದಿನದ ನೆನಪು ಅದು? ಅಮ್ಮ ಹೋದ ದಿನ ಬಂದವರೆಲ್ಲ ಗುಸುಗುಸು — ಬಾಗಿಲು ತೆಗೆದಿಟ್ಟು ಹೋಗಿದ್ಲಂತೆ. ಚಿಕ್ಕಮ್ಮ ಮುಖಕ್ಕೇ ಕೇಳಿದಳು, "ಬೇಕಂತಲೇ ಬಿಟ್ಯೇನೇ?" ತಂಗಿ ಪಕ್ಕದಲ್ಲೇ ಕೂತಿದ್ದಳು. ನನ್ನ ಬೆನ್ನು ಸವರಿದಳು. ಸವರಿದಳು!

ಆ ಕೆಲಸ ಬಿಟ್ಟೆ. ಮನೆ ಬಿಟ್ಟೆ. ನೆಂಟರ ಮನೆಗೆ ಹೋಗುವುದು ಬಿಟ್ಟೆ. ಇವಳು ಅದನ್ನೆಲ್ಲ ನೋಡಿಕೊಂಡು, ನನಗೊಂದು ಮಾತು ಹೇಳುವ ಬದಲು ಊರಿಗೆಲ್ಲ ಟಿಕೆಟ್ ಮಾರಿ ಹೇಳಿದ್ದಾಳೆ. ಟ್ಯಾಂಕಮ್ಮನಿಗೆ ನನಗಿಂತ ಮೊದಲು ಗೊತ್ತು. ಡ್ರೈವರಿಗೆ ಗೊತ್ತು, ಅವನ ಹೆಂಡತಿಗೆ ಗೊತ್ತು. ಪಾಪ್‌ಕಾರ್ನ್ ತಿನ್ನುತ್ತಾ ತಿಳಿದುಕೊಂಡಿದ್ದಾರೆ!

ತಪ್ಪು ನನ್ನದಲ್ಲ ಎಂದು ಹಗುರಾಗಬೇಕಿತ್ತು. ಹಾಳಾದ್ದು, ಆಗುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ.

ತಂಗಿಯ ಮಿಸ್ಡ್ ಕಾಲ್ ಏಳು. ಎತ್ತುವುದಿಲ್ಲ.

ಜೂನ್ 12, ಗುರುವಾರ

ಮಿಸ್ಡ್ ಕಾಲ್ ಹನ್ನೊಂದು. ಬೋರ್ಡಿನಲ್ಲಿದ್ದ ಎರಡನ್ನು ಒರೆಸಿದೆ. "ಹಾಗಾದ್ರೆ ಎಷ್ಟು ಬರೀಲಿ?" ಎಂದ ಡ್ರೈವರು. ಏನೂ ಬರೀಬೇಡ ಎಂದೆ. ಟ್ಯಾಂಕಮ್ಮ ನನ್ನ ಪಾಲಿನ ಶೀಟನ್ನೂ ಮಡಿಚಿಟ್ಟಳು.

ಜೂನ್ 15, ಭಾನುವಾರ, ಬೆಳಗ್ಗೆ 11.30

ತಂಗಿ ಬಂದಿದ್ದಾಳೆ. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಳೆ. ಅವಳು ಹೊರಬರುವ ಮೊದಲು ಬರೆದಿಡಬೇಕು.

ಬಾಗಿಲು ತೆಗೆದೆ, ಆದರೆ ಒಳಗೆ ಬಾ ಎನ್ನಲಿಲ್ಲ. ತಾನೇ ಬಂದಳು. ನೆಲದ ಮೇಲೆ ಕೂತಳು.

"ಬಯ್ಯಿ ಅಕ್ಕಾ. ಹೊಡಿ ಬೇಕಾದ್ರೆ."

"ನಿನ್ನ ಹೊಡೆದು ನನ್ನ ಕೈ ಯಾಕೆ ನೋಯಿಸ್ಕೊಳ್ಳಲಿ? ನಾಲ್ಕು ವರ್ಷ ನಾಲಿಗೆ ಸೇದುಹೋಗಿತ್ತಾ ನಿಂಗೆ?"

"ಎಷ್ಟೋ ಸಲ ಬಸ್ಸು ಹತ್ತಿದ್ದೀನಿ. ನಿನ್ನ ಬೀದಿ ತನಕ ಬಂದು ವಾಪಸ್ ಹೋಗಿದ್ದೀನಿ. ಎದುರಿಗೆ ನಿಂತು ಹೇಳೋ ಧೈರ್ಯ ಇರ್ಲಿಲ್ಲ. ಬರೆದ್ರೆ ನೀನು ನೋಡ್ತೀಯ ಅಂತ..."

"ನೋಡದೆ ಇದ್ದಿದ್ರೆ? ಅರ್ಧಕ್ಕೆ ಎದ್ದು ಬಂದೆ ನಾನು, ಗೊತ್ತಾ? ನಮ್ಮ ಲಾಂಡ್ರಿಯವಳು ಹೇಳಿದ್ಲು ನಂಗೆ. ಲಾಂಡ್ರಿಯವಳು!"

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಅಡುಗೆಮನೆಗೆ ಹೋಗಿ ಲೋಟ ಒಂದನ್ನು ನೆಲಕ್ಕೆ ಎಸೆದೆ. ಸ್ಟೀಲಿನದು, ಒಡೆಯಲೂ ಇಲ್ಲ. ವಾಪಸ್ ಬಂದು ಹೇಳಿದೆ, "ಸಿನಿಮಾದ್ದು ಬೇಡ. ನಡೆದಿದ್ದು ಹೇಳು. ಒಂದಕ್ಷರ ಬಿಡದೆ ಹೇಳು."

ಹೇಳಿದಳು. ಸಿನಿಮಾದಲ್ಲಿ ಇದ್ದಿದ್ದೇ ಎಲ್ಲ. ಒಂದು ಮಾತ್ರ ಇಲ್ಲದ್ದು.

ಕೊನೆಯ ವರ್ಷ ಅಮ್ಮನಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಕೆಲಸದವಳು ಅಂದುಕೊಂಡಿದ್ದಳು. ಊಟ ತಿನ್ನಿಸುವಾಗ "ನಿಮ್ಮನೆ ಎಲ್ಲಮ್ಮಾ?" ಎಂದು ಕೇಳುತ್ತಿದ್ದಳು. ಅವತ್ತು ಬಿಸಿಲಿಗೆ ಕೂರಿಸಿದ ಮೇಲೆ ತಂಗಿಯ ಕೈ ಹಿಡಿದು ಕೇಳಿದಳಂತೆ, "ದೊಡ್ಡವಳು ಎಲ್ಲೇ? ಬೆಳಗ್ಗೆ ಏನೂ ತಿನ್ನದೆ ಹೋಗಿದ್ದಾಳೆ." ನನ್ನ ಹೆಸರು ಹಿಡಿದು ಕೇಳಿದಳಂತೆ. ಎರಡು ಸಲ. ಬರ್ತಾಳೆ ಬಿಡಮ್ಮಾ ಎಂದು ಇವಳು ಫೋನು ಹಿಡಿದು ಒಳಗೆ ಹೋಗಿದ್ದಾಳೆ.

"ಅದನ್ನ ಯಾಕೆ ಹಾಕಲಿಲ್ಲ?"

"ಅದು ನಿಂದು ಅಕ್ಕಾ. ಬೇರೆಯವರಿಗೆ ತೋರ್ಸೋಕೆ ಮನಸ್ಸು ಬರ್ಲಿಲ್ಲ."

ಅಮ್ಮ ದಾರಿ ತಪ್ಪಿ ಅಲೆದಳು ಎಂದು ಪೊಲೀಸರು ಬರೆದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆದರೆ ವ್ಯಾನು ಗುದ್ದಿದ್ದು ನನ್ನ ಆಗಿನ ಕೆಲಸದ ಜಾಗಕ್ಕೆ ಹೋಗುವ ರಸ್ತೆಯಲ್ಲಿ. ಗೇಟಿಗೆ ಇನ್ನೂರು ಹೆಜ್ಜೆ ಇರಲಿಲ್ಲ. ಕೈಯಲ್ಲಿ ನನ್ನ ಊಟದ ಡಬ್ಬಿ ಇತ್ತು. ಖಾಲಿ ಡಬ್ಬಿ. ಮುಚ್ಚಳ ಬಿಗಿಯಾಗಿ ಹಾಕಿಕೊಂಡು, ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಅದನ್ನು ಯಾಕೆ ತಂದಳು, ಯಾರಿಗೆ ತಂದಳು ಎಂದು ಈ ನಾಲ್ಕು ವರ್ಷದಲ್ಲಿ ನಾನು ಒಂದು ಸಲವಾದರೂ ಕೇಳಿಕೊಳ್ಳಲಿಲ್ಲ.