ಗುಣವಾದ ರೋಗಿ ಅಂಗಡಿಗೆ ಬರುವುದಿಲ್ಲ

ಮಾರ್ಚ್ ೧೧, ಮಂಗಳವಾರ

ಒಂದೇ ಮಾತು ತಲೆಯಲ್ಲಿ ಹುಳದಂತೆ ಕೊರೆಯುತ್ತಿದೆ. "ಗುಣವಾದ ರೋಗಿ ಮತ್ತೆ ಅಂಗಡಿಗೆ ಬರಲ್ಲ ಕಣ್ರೀ," ಅಂದರು ಸಾಹೇಬರು, ಇವತ್ತು ಆಫೀಸಿನ ಮೀಟಿಂಗಿನಲ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ದೊಡ್ಡ ಔಷಧ ಕಂಪನಿಗಳಲ್ಲಿ ಯಾವುದರಲ್ಲಿ ಹಣ ಹೂಡಬಹುದು ಎಂದು ನಾಳೆ ನಾನು ಅವರಿಗೆ ವರದಿ ಕೊಡಬೇಕು. ಮೊದಲನೆಯದು ಕೀಲುನೋವಿಗೆ ದಿನಾ ನುಂಗುವ ಮಾತ್ರೆ ಮಾರುತ್ತದೆ. ಶುರು ಮಾಡಿದವರು ಬಿಡುವಂತಿಲ್ಲ. ಎರಡನೆಯದು ಅದೇ ಕಾಯಿಲೆಯನ್ನು ಬೇರುಸಹಿತ ಕೀಳುವ ಚುಚ್ಚುಮದ್ದಿನ ಹಿಂದೆ ಬಿದ್ದು, ವರ್ಷಗಟ್ಟಲೆಯಿಂದ ನೀರಿನಂತೆ ದುಡ್ಡು ಸುರಿಯುತ್ತಿದೆ. ಆ ಖರ್ಚನ್ನು ವರದಿಯಲ್ಲಿ 'ದೌರ್ಬಲ್ಯ' ಎಂಬ ತಲೆಬರಹದ ಕೆಳಗೆ ಹಾಕಿದ್ದೇನೆ. ಲೆಕ್ಕವೇನೂ ತಪ್ಪಿಲ್ಲ. ಅದೇ ಸಂಕಟ.

ಊಟವಾದ ಮೇಲೆ ಅಕ್ಕ ಎಂದಿನಂತೆ ಮಾತ್ರೆಯ ಸ್ಟ್ರಿಪ್ ನನ್ನ ಮುಂದೆ ಹಿಡಿದಳು. ಅದನ್ನು ಒತ್ತಿ ತೆಗೆಯುವುದು ಅವಳ ಬೆರಳುಗಳಿಗೆ ಆಗುವುದಿಲ್ಲ.

"ಯಾವ ಕಂಪನಿ ಗೆಲ್ತು?"

"ಈ ಮಾತ್ರೆ ಮಾಡೋದೇ," ಅಂದೆ.

"ಸದ್ಯ! ಮುಚ್ಚಿಬಿಟ್ರೆ ನನ್ನ ಗತಿ ಏನು ಅಂತಿದ್ದೆ. ಇನ್ನೊಂದು ಏನ್ ಮಾಡುತ್ತೆ?"

"ಏನೋ ಸಂಶೋಧನೆ. ಬಿಡಕ್ಕ, ಆಗೋ ಹೋಗೋ ಮಾತಲ್ಲ."

ಅವಳು ಮಾತ್ರೆ ನುಂಗಿದಳು. ಬಾಚಣಿಗೆಯನ್ನು ನನ್ನ ಕೈಗಿಟ್ಟು, ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿ ಕೂತಳು. "ಒಂದಿನ ನಿನ್ನ ಜಡೆ ನಾನೇ ಹಾಕ್ತೀನಿ, ನೋಡ್ತಿರು."

ಕೋಣೆಗೆ ಬಂದವಳೇ 'ದೌರ್ಬಲ್ಯ' ಅಳಿಸಿದೆ. ಆ ಜಾಗದಲ್ಲಿ ಏನು ಬರೆಯಲಿ? ಸಾಹೇಬರು ಕೇಳದೆ ಬಿಡುವವರಲ್ಲ. ಮತ್ತೆ ಅದನ್ನೇ ಬರೆದೆ. ಮತ್ತೆ ಅಳಿಸಿದೆ. ನನ್ನ ಬೆರಳುಗಳಿಗೆ ಯಾವ ರೋಗವೂ ಇಲ್ಲ, ಆದರೂ ಆ ಒಂದು ಪದ ಬರೆಯಲು ಅವಕ್ಕೆ ಆಗುತ್ತಿಲ್ಲ.